ಆನ್‌ಲೈನ್ ಅಂಗಡಿಗೆ ತಕ್ಕ ವೇದಿಕೆಯ ಆಯ್ಕೆ



ಅಂಗಡಿಯನ್ನು ತೆರೆಯಬಯಸುವವನು ಮೊದಲು ಸ್ಥಳವನ್ನು ನೋಡುತ್ತಾನೆ. ಬೀದಿಯಲ್ಲಿ ಜನಸಂಚಾರ ಎಷ್ಟಿದೆ, ಬಾಡಿಗೆ ಎಷ್ಟು, ಪಗಡಿ ಎಷ್ಟು, ಕರಾರಿನ ಅವಧಿ ಎಷ್ಟು ವರ್ಷದ್ದು, ಬಿಟ್ಟುಹೋಗುವಾಗ ಮುಂಗಡ ಹಣ ಹಿಂದಿರುಗುವುದೇ ಎಂಬ ಸಂಗತಿಗಳನ್ನು ವಿಚಾರಿಸದೆ ಯಾವ ವರ್ತಕನೂ ಮಳಿಗೆಯ ಬೀಗದ ಕೈಯನ್ನು ಪಡೆಯುವುದಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿ ಹೋಟೆಲು, ದಿನಸಿ, ಬಟ್ಟೆ, ಪುಸ್ತಕ ಮುಂತಾದ ವ್ಯಾಪಾರಗಳಲ್ಲಿ ತೊಡಗಿರುವ ಕನ್ನಡಿಗರಿಗೆ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ವರ್ತಕನು, ಅಥವಾ ಅದೇ ಮನೆಯ ಗೃಹಿಣಿಯು, ಅಂತರಜಾಲದಲ್ಲಿ ಅಂಗಡಿಯನ್ನು ತೆರೆಯಹೊರಟಾಗ ಇಷ್ಟು ವಿಚಾರಣೆಯನ್ನು ಮಾಡುವುದು ಅಪರೂಪ. ಜಾಹೀರಾತಿನಲ್ಲಿ ಮೊದಲು ಕಂಡ ಅಥವಾ ಪರಿಚಿತರು ಸೂಚಿಸಿದ ವೇದಿಕೆಯಲ್ಲಿ ಹೆಸರನ್ನು ನೋಂದಾಯಿಸಿ, ಸರಕಿನ ಚಿತ್ರಗಳನ್ನು ಹಾಕಿ, ಬೇಡಿಕೆಗಾಗಿ ಕಾಯುವುದೇ ವಾಡಿಕೆಯಾಗಿದೆ.

ಆನ್‌ಲೈನ್ ಅಂಗಡಿಗೂ ಬೀದಿ ಇದೆ, ಬಾಡಿಗೆ ಇದೆ, ಕರಾರೂ ಇದೆ. ಅವು ಕಣ್ಣಿಗೆ ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಆದುದರಿಂದ ವೇದಿಕೆಯನ್ನು ಆರಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕಂಡುಕೊಳ್ಳುವುದು ಅವಶ್ಯ. ಒಂದು ಪೊಟ್ಟಣ ಮಾರಾಟವಾದರೆ ಎಲ್ಲ ಕಡಿತಗಳೂ ಕಳೆದು ಕೈಯಲ್ಲಿ ಉಳಿಯುವುದೆಷ್ಟು ಎಂಬುದು ಮೊದಲನೆಯ ಪ್ರಶ್ನೆ. ಆ ವೇದಿಕೆಯನ್ನು ಬಿಡಬೇಕಾಗಿ ಬಂದ ದಿನ ವರ್ತಕನ ಪಾಲಿಗೆ ಉಳಿಯುವುದೇನು ಎಂಬುದು ಎರಡನೆಯದು. ವೇದಿಕೆಯ ಉಳಿದ ಗುಣಾವಗುಣಗಳೆಲ್ಲ ಈ ಎರಡರ ಅನಂತರವೇ ಬರುತ್ತವೆ.

ಬೆಳೆದು ಬಂದ ಬಗೆ

ದೂರದ ಗ್ರಾಹಕನಿಗೆ ಸರಕನ್ನು ಕಳುಹಿಸಿ ಹಣವನ್ನು ಪಡೆಯುವ ಪದ್ಧತಿ ಹೊಸದೇನಲ್ಲ. ಕನ್ನಡದ ಪ್ರಕಾಶಕರು ಹಿಂದೆ ಪುಸ್ತಕಗಳನ್ನು ವಿ.ಪಿ. ಅಂಚೆಯ ಮೂಲಕ ಪರ ಊರುಗಳ ಓದುಗರಿಗೆ ಕಳುಹಿಸುತ್ತಿದ್ದರು. ಓದುಗನು ಅಂಚೆಯವನಿಗೆ ಹಣವನ್ನು ತೆತ್ತು ಕಟ್ಟನ್ನು ಬಿಡಿಸಿಕೊಳ್ಳುತ್ತಿದ್ದನು. ಬಿಡಿಸಿಕೊಳ್ಳದೆ ಹೋದರೆ ಕಟ್ಟು ಹಿಂದಿರುಗಿ, ಅಂಚೆಯ ವೆಚ್ಚವು ಪ್ರಕಾಶಕನ ಮೇಲೆಯೇ ಬೀಳುತ್ತಿತ್ತು. ಇಂದು ಸರಕು ತಲುಪಿದಾಗ ನಗದು ಪಾವತಿ ಎಂದು ಕರೆಯಲಾಗುವ ವ್ಯವಸ್ಥೆಯ ಗುಣವೂ ದೋಷವೂ ಅಂದಿನ ವಿ.ಪಿ. ಪದ್ಧತಿಯಲ್ಲಿಯೇ ಅಡಗಿದ್ದವು.

ಅಂತರಜಾಲದ ಮೂಲಕ ನಡೆಯುವ ವ್ಯಾಪಾರದ ಆರಂಭಕಾಲದ ಯತ್ನಗಳಲ್ಲಿ ಬೆಂಗಳೂರಿಗೆ ಮುಖ್ಯ ಸ್ಥಾನವಿದೆ. 1999ರಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಮಳಿಗೆಯು ಅಲ್ಲಿ ಪ್ರಾರಂಭವಾಯಿತು. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಅವರು ಅದೇ ನಗರದಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯನ್ನು ಸ್ಥಾಪಿಸಿ ಮೊದಲಿಗೆ ಪುಸ್ತಕಗಳನ್ನು ಮಾರಿದರು. 2013ರ ಜೂನ್ ತಿಂಗಳಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಾರುಕಟ್ಟೆಯನ್ನು ತೆರೆಯಿತು. 2015ರಲ್ಲಿ ಬೆಂಗಳೂರಿನಲ್ಲಿಯೇ ಮೀಶೋ ಹುಟ್ಟಿತು. 2016ರ ಏಪ್ರಿಲ್‌ನಲ್ಲಿ ಯು.ಪಿ.ಐ. ಪಾವತಿ ವ್ಯವಸ್ಥೆಯು ಜಾರಿಗೆ ಬಂದ ಮೇಲೆ ಚಿಕ್ಕ ಮೊತ್ತದ ಹಣವನ್ನೂ ಕ್ಷಣಮಾತ್ರದಲ್ಲಿ ಪಡೆಯುವುದು ಸಣ್ಣ ವರ್ತಕನಿಗೂ ಸಾಧ್ಯವಾಯಿತು. 2020ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ ತಮ್ಮ ಗ್ರಾಹಕರಿಗೆ ಕನ್ನಡದಲ್ಲಿ ವ್ಯವಹರಿಸುವ ಸೌಲಭ್ಯವನ್ನು ಒದಗಿಸಿದವು.

ಮೂರು ಬಗೆಯ ವೇದಿಕೆಗಳು

ಇಂದು ಲಭ್ಯವಿರುವ ವೇದಿಕೆಗಳನ್ನು ಸ್ಥೂಲವಾಗಿ ಮೂರು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ಮಾರುಕಟ್ಟೆ ವೇದಿಕೆ. ಇದನ್ನು ದೊಡ್ಡ ಸಂತೆಗೆ ಹೋಲಿಸಬಹುದು. ಜನರು ತಾವಾಗಿಯೇ ಬಂದು ಸೇರುತ್ತಾರೆ. ವರ್ತಕನು ಸುಂಕವನ್ನು ತೆತ್ತು ತನ್ನ ಸರಕನ್ನು ಹರಡುತ್ತಾನೆ. ಹಣದ ವಸೂಲಿ, ಪಾರ್ಸೆಲ್ ಸಾಗಣೆ ಮೊದಲಾದ ಕಾರ್ಯಗಳನ್ನು ಬಹುಮಟ್ಟಿಗೆ ವೇದಿಕೆಯೇ ನಿರ್ವಹಿಸುತ್ತದೆ. ಆದರೆ ಪಕ್ಕದಲ್ಲಿಯೇ ಅದೇ ಸರಕನ್ನು ಮಾರುವ ನೂರಾರು ಮಂದಿ ಇರುತ್ತಾರೆ. ಯಾರ ಸರಕು ಮೊದಲು ಕಾಣಬೇಕೆಂಬುದನ್ನು ವೇದಿಕೆಯ ನಿಯಮಗಳು ನಿರ್ಧರಿಸುತ್ತವೆ. ಕೊಂಡವನು ಸಂತೆಯ ಹೆಸರನ್ನು ನೆನಪಿಡುತ್ತಾನೆಯೇ ಹೊರತು ಮಾರಿದವನ ಹೆಸರನ್ನು ನೆನಪಿಡುವುದು ಕಡಿಮೆ.

ಎರಡನೆಯದು ಸ್ವಂತ ಅಂಗಡಿ. ಸ್ವಂತ ವಿಳಾಸದ ಜಾಲತಾಣವನ್ನು ನಿರ್ಮಿಸಿಕೊಂಡು ನೇರವಾಗಿ ಮಾರುವ ವಿಧಾನವಿದು. ಇದರಲ್ಲಿಯೂ ಎರಡು ದಾರಿಗಳಿವೆ. ಸಿದ್ಧಪಡಿಸಿದ ವ್ಯವಸ್ಥೆಯನ್ನು ತಿಂಗಳ ಬಾಡಿಗೆಗೆ ಪಡೆಯುವುದು ಒಂದು ದಾರಿ. ಕೆನಡಾದ ಶಾಪಿಫೈ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಸ್ಥಾಪಕರಲ್ಲೊಬ್ಬರಾದ ಟೋಬಿ ಲುಟ್ಕೆ ಅವರು 2004ರಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲು ಅಂತರಜಾಲದಲ್ಲಿ ಅಂಗಡಿಯನ್ನು ತೆರೆಯಹೊರಟಾಗ ಮನಸ್ಸಿಗೆ ಒಪ್ಪುವ ತಂತ್ರಾಂಶ ದೊರೆಯದೆ ತಾವೇ ಒಂದನ್ನು ಬರೆದರು. 2006ರಲ್ಲಿ ಆ ತಂತ್ರಾಂಶವೇ ಪ್ರತ್ಯೇಕ ಉದ್ಯಮವಾಯಿತು. ಮುಕ್ತ ತಂತ್ರಾಂಶವನ್ನು ಪಡೆದು ಸ್ವಂತವಾಗಿ ಸ್ಥಾಪಿಸಿಕೊಳ್ಳುವುದು ಇನ್ನೊಂದು ದಾರಿ. 2011ರಲ್ಲಿ ಬಂದ ವೂಕಾಮರ್ಸ್ ಈ ಬಗೆಯದು. ತಂತ್ರಾಂಶಕ್ಕೆ ಬೆಲೆ ಇಲ್ಲದಿದ್ದರೂ ಅದನ್ನು ಇರಿಸುವ ಸರ್ವರ್, ಜಾಲತಾಣದ ವಿಳಾಸ, ಸುರಕ್ಷತೆ, ಕಾಲಕಾಲದ ದುರಸ್ತಿ ಇವುಗಳಿಗೆ ವೆಚ್ಚವಾಗುತ್ತದೆ. ತಂತ್ರಾಂಶಕ್ಕೂ ಆಯುಷ್ಯವಿದೆ ಎಂಬುದನ್ನು ಮರೆಯಬಾರದು. ಮೆಜೆಂಟೋ ಎಂಬ ತಂತ್ರಾಂಶದ ಮೊದಲ ಆವೃತ್ತಿಗೆ ಅದರ ಒಡೆತನದ ಅಡೋಬಿ ಸಂಸ್ಥೆಯು 2020ರ ಜೂನ್ 30ರಂದು ಬೆಂಬಲವನ್ನು ನಿಲ್ಲಿಸಿದಾಗ, ಅದನ್ನು ಬಳಸುತ್ತಿದ್ದ ಅಂಗಡಿಗಳು ಹೊಸ ವ್ಯವಸ್ಥೆಗೆ ಸ್ಥಳಾಂತರಗೊಳ್ಳಬೇಕಾಯಿತು.

ಮೂರನೆಯದು ಮುಕ್ತ ಜಾಲ. ಓ.ಎನ್.ಡಿ.ಸಿ. ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾಗಿರುವ ಈ ವ್ಯವಸ್ಥೆಯು ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಪ್ರೇರಣೆಯಿಂದ ರೂಪುಗೊಂಡಿತು. 2021ರ ಡಿಸೆಂಬರ್ 31ರಂದು ಲಾಭರಹಿತ ಕಂಪನಿಯಾಗಿ ಇದನ್ನು ನೋಂದಾಯಿಸಲಾಯಿತು. 2022ರ ಏಪ್ರಿಲ್‌ನಲ್ಲಿ ದೆಹಲಿ, ಬೆಂಗಳೂರು, ಭೋಪಾಲ್, ಶಿಲ್ಲಾಂಗ್ ಮತ್ತು ಕೊಯಮತ್ತೂರುಗಳಲ್ಲಿ ಪ್ರಯೋಗ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಬೆಂಗಳೂರಿನ ಸಾರ್ವಜನಿಕರ ಬಳಕೆಗೆ ಇದು ಮೊದಲು ದೊರೆಯಿತು. ಯು.ಪಿ.ಐ.ಯಲ್ಲಿ ಹಣ ಕೊಡುವವನದೊಂದು ಆ್ಯಪ್, ಪಡೆಯುವವನದೊಂದು ಆ್ಯಪ್ ಇದ್ದರೂ ವ್ಯವಹಾರ ನಡೆಯುವಂತೆ, ಇಲ್ಲಿಯೂ ಕೊಳ್ಳುವವನ ಆ್ಯಪ್ ಬೇರೆ, ಮಾರುವವನು ಸೇರಿದ ಆ್ಯಪ್ ಬೇರೆ ಇರಬಹುದು. ಒಂದೇ ಸಂಸ್ಥೆಯ ಅಧೀನಕ್ಕೆ ಒಳಗಾಗದಿರುವುದು ಇದರ ಅನುಕೂಲ. ಆದರೆ ಒಂದೇ ವ್ಯವಹಾರದಲ್ಲಿ ಹಲವು ಸಂಸ್ಥೆಗಳು ಪಾಲ್ಗೊಳ್ಳುವುದರಿಂದ ಪಾರ್ಸೆಲ್ ಕೆಟ್ಟರೆ ಅಥವಾ ಕಳೆದರೆ ಯಾರು ಹೊಣೆ, ಹಣವನ್ನು ಯಾರು ಎಷ್ಟು ದಿನಗಳಲ್ಲಿ ತಲುಪಿಸುವರು ಎಂಬುದನ್ನು ಸೇರುವ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳಬೇಕು.

ಸರ್ಕಾರಿ ಕಚೇರಿಗಳಿಗೆ ಸರಕನ್ನು ಒದಗಿಸಬಯಸುವವರಿಗೆ 2016ರ ಆಗಸ್ಟ್ 9ರಂದು ಆರಂಭವಾದ ಜೆಮ್ ಎಂಬ ಸರ್ಕಾರಿ ಇ-ಮಾರುಕಟ್ಟೆಯು ಪ್ರತ್ಯೇಕವಾಗಿಯೇ ಇದೆ.

ಕೈಯಲ್ಲಿ ಉಳಿಯುವುದೆಷ್ಟು?

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪುಣೆಯಲ್ಲಿರುವ ಒಂದು ಕನ್ನಡ ಕುಟುಂಬವು ಚಟ್ನಿಪುಡಿಯನ್ನು ತಯಾರಿಸಿ 300 ರೂಪಾಯಿಗೆ ಒಂದು ಪೊಟ್ಟಣದಂತೆ ಮಾರುತ್ತದೆ ಎಂದು ಭಾವಿಸಬಹುದು. ಇಲ್ಲಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಸರಕಿನ ಮೇಲಿನ ತೆರಿಗೆಯನ್ನು ಸರಳತೆಗಾಗಿ ಬಿಡಲಾಗಿದೆ. ಸಾಮಗ್ರಿ ಮತ್ತು ಶ್ರಮಕ್ಕೆ 140 ರೂಪಾಯಿ, ಡಬ್ಬಿ ಮತ್ತು ಕಟ್ಟುವಿಕೆಗೆ 20 ರೂಪಾಯಿ, ಒಟ್ಟು 160 ರೂಪಾಯಿ ತಯಾರಿಕೆಯ ವೆಚ್ಚ.

ಮಾರುಕಟ್ಟೆ ವೇದಿಕೆಯಲ್ಲಿ ಕಮಿಷನ್, ಪ್ರತಿ ಬೇಡಿಕೆಯ ನಿಗದಿತ ಶುಲ್ಕ, ಸಾಗಣೆ ಶುಲ್ಕ ಎಲ್ಲ ಸೇರಿ 100 ರೂಪಾಯಿ ಕಡಿತವಾಗಲಿ. ಈ ಸೇವೆಗಳ ಮೇಲೆ ಶೇ. 18ರ ಜಿ.ಎಸ್.ಟಿ. ಸೇರಿ 118 ರೂಪಾಯಿ ಆಗುತ್ತದೆ. ನೋಂದಾಯಿತ ವರ್ತಕನಿಗೆ ಈ 18 ರೂಪಾಯಿಯ ಜಮೆ ದೊರೆಯಬಹುದು. ನೋಂದಣಿ ಇಲ್ಲದವನಿಗೆ ಅದು ನೇರ ವೆಚ್ಚ. 300 ರೂಪಾಯಿಯಲ್ಲಿ 160 ಮತ್ತು 118ನ್ನು ಕಳೆದರೆ ಉಳಿಯುವುದು 22 ರೂಪಾಯಿ ಮಾತ್ರ.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ನೂರು ಪೊಟ್ಟಣಗಳಲ್ಲಿ ಹತ್ತು ಹಿಂದಿರುಗಿದವೆಂದು ಭಾವಿಸಿದರೆ, ಮಾರಾಟವಾದ 90 ಪೊಟ್ಟಣಗಳಿಂದ ದೊರೆಯುವುದು 1,980 ರೂಪಾಯಿ. ಹಿಂದಿರುಗಿದ ಆಹಾರ ಪದಾರ್ಥವನ್ನು ಮತ್ತೆ ಮಾರುವಂತಿಲ್ಲ. ಆದುದರಿಂದ ಹತ್ತು ಪೊಟ್ಟಣಗಳ ತಯಾರಿಕೆಯ ವೆಚ್ಚ 1,600 ರೂಪಾಯಿ ನಷ್ಟ. ಪ್ರತಿಯೊಂದಕ್ಕೂ ಸಾಗಣೆಯ ಹೊರೆ 60 ರೂಪಾಯಿಯಂತೆ ಇನ್ನೂ 600 ರೂಪಾಯಿ. ಒಟ್ಟು ನಷ್ಟ 2,200 ರೂಪಾಯಿ. ನೂರು ಪೊಟ್ಟಣಗಳನ್ನು ಕಳುಹಿಸಿದ ಕುಟುಂಬವು ತಿಂಗಳ ಕೊನೆಗೆ 220 ರೂಪಾಯಿಯನ್ನು ಕೈಯಿಂದ ಕೊಟ್ಟಂತಾಯಿತು. ಬೇಡಿಕೆಗಳು ಹೆಚ್ಚುತ್ತಿರುವುದನ್ನು ಕಂಡು ಸಂತೋಷಪಡುತ್ತಿದ್ದ ಮನೆಗೆ ಈ ನಷ್ಟವು ಬಹಳ ಕಾಲದವರೆಗೆ ಗೋಚರವಾಗದೆ ಹೋಗಬಹುದು. ಸಣ್ಣ ವ್ಯಾಪಾರಗಳು ಉಳಿತಾಯದ ಹಣವನ್ನು ಕಳೆದುಕೊಳ್ಳುವುದು ಹೀಗೆಯೇ.

ಅದೇ ಪೊಟ್ಟಣವನ್ನು ಸ್ವಂತ ಅಂಗಡಿಯಲ್ಲಿ ಮಾರಿದರೆ ಕೊರಿಯರ್‌ಗೆ ತೆರಿಗೆಯೂ ಸೇರಿ 70 ರೂಪಾಯಿ, ಪಾವತಿ ವ್ಯವಸ್ಥೆಯ ಶುಲ್ಕ 7 ರೂಪಾಯಿ ಎಂದಿಟ್ಟುಕೊಂಡರೆ ಉಳಿಯುವುದು 63 ರೂಪಾಯಿ. ಆದರೆ ಜಾಲತಾಣದ ತಿಂಗಳ ವೆಚ್ಚ 2,000 ರೂಪಾಯಿ ಇದ್ದರೆ, ಮೊದಲ 32 ಪೊಟ್ಟಣಗಳ ಉಳಿಕೆ ಅದಕ್ಕೇ ಸಲ್ಲುತ್ತದೆ. ಸರಕು ಹಿಂದಿರುಗುವ ಪ್ರಶ್ನೆಯನ್ನು ಬದಿಗಿಟ್ಟು ಎರಡನ್ನೂ ಹೋಲಿಸಿದರೆ, ತಿಂಗಳಿಗೆ 49 ಪೊಟ್ಟಣಗಳನ್ನು ಮುಟ್ಟಿದ ಮೇಲಷ್ಟೇ ಸ್ವಂತ ಅಂಗಡಿಯು ಮಾರುಕಟ್ಟೆಗಿಂತ ಲಾಭಕರವಾಗುತ್ತದೆ.

ಇದಲ್ಲದೆ ಸ್ವಂತ ಅಂಗಡಿಗೆ ದಾರಿಹೋಕರು ತಾವಾಗಿ ಬರುವುದಿಲ್ಲ. ಒಬ್ಬ ಹೊಸ ಗ್ರಾಹಕನನ್ನು ಜಾಹೀರಾತಿನ ಮೂಲಕ ಕರೆತರಲು 80 ರೂಪಾಯಿ ತಗುಲಿದರೆ, ಅವನ ಮೊದಲ ಖರೀದಿಯಲ್ಲಿ 17 ರೂಪಾಯಿ ನಷ್ಟ. ಅವನು ಎರಡನೆಯ ಸಲ ಬಂದಾಗಲೇ ಲಾಭ. ಇದರಿಂದ ಒಂದು ಸೂತ್ರವನ್ನು ಕಂಡುಕೊಳ್ಳಬಹುದು: ಒಮ್ಮೆ ಕೊಂಡವರು ಮತ್ತೆ ಮತ್ತೆ ಕೊಳ್ಳುವ ಸರಕಿಗೆ ಸ್ವಂತ ಅಂಗಡಿ ಒಪ್ಪುತ್ತದೆ, ಅಪರೂಪಕ್ಕೊಮ್ಮೆ ಕೊಳ್ಳುವ ಸಾಮಾನ್ಯ ಸರಕಿಗೆ ಜನಸಂದಣಿಯ ಮಾರುಕಟ್ಟೆಯೇ ಒಪ್ಪುತ್ತದೆ. ಚಟ್ನಿಪುಡಿ, ಸಾರಿನ ಪುಡಿ, ಕಾಫಿಪುಡಿ ಮೊದಲನೆಯ ಗುಂಪಿಗೆ ಸೇರಿದರೆ, ಮೊಬೈಲಿನ ಕವಚ, ಪ್ಲಾಸ್ಟಿಕ್ ಡಬ್ಬಿ ಎರಡನೆಯ ಗುಂಪಿಗೆ ಸೇರುತ್ತವೆ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆಗಳಂತಹ ಭೌಗೋಳಿಕ ಸೂಚಕ ಪಡೆದ ಸರಕುಗಳು ಎರಡರ ನಡುವೆ ಬರುತ್ತವೆ. ಅವುಗಳನ್ನು ಹೆಸರು ಹಿಡಿದು ಹುಡುಕುವವರು ಇದ್ದಾರೆ. ಆದರೆ ನಕಲಿ ಸರಕಿನ ಪಕ್ಕದಲ್ಲಿ ಕೇವಲ ಬೆಲೆಯ ಹೋಲಿಕೆಗೆ ಒಳಗಾದರೆ ನೇಕಾರನ, ಕುಶಲಕರ್ಮಿಯ ಶ್ರಮಕ್ಕೆ ಬೆಲೆ ದೊರೆಯುವುದಿಲ್ಲ.

ಬಿಡುವ ದಿನ ಉಳಿಯುವುದೇನು?

ಯಾವ ಸಂತೆಯೂ ಶಾಶ್ವತವಲ್ಲ. ಭಾರತದಲ್ಲಿ ಇಬೇ ಸಂಸ್ಥೆಯ ಜಾಲತಾಣವು 2017ರಲ್ಲಿ ಫ್ಲಿಪ್‌ಕಾರ್ಟಿನ ಕೈಸೇರಿ, 2018ರ ಆಗಸ್ಟ್ 14ರಂದು ವ್ಯವಹಾರವನ್ನು ನಿಲ್ಲಿಸಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರವು 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಆ ಪಟ್ಟಿಯಲ್ಲಿ ಕ್ಲಬ್ ಫ್ಯಾಕ್ಟರಿ ಎಂಬ ಮಾರುಕಟ್ಟೆ ವೇದಿಕೆಯೂ ಸೇರಿತ್ತು. ಇಂತಹ ವೇದಿಕೆಗಳನ್ನೇ ನಂಬಿದ್ದ ವರ್ತಕನು ವರ್ಷಗಟ್ಟಲೆ ದುಡಿದು ಗಳಿಸಿದ ಒಳ್ಳೆಯ ಅಭಿಪ್ರಾಯಗಳನ್ನೂ ಅಂಕಗಳನ್ನೂ ಬೇರೆಡೆಗೆ ಕೊಂಡೊಯ್ಯಲಾರನು. ಅಂಗಡಿಯನ್ನು ಮುಚ್ಚಿದವನಿಗೆ ಹಳೆಯ ಗ್ರಾಹಕರ ಮನೆಯ ದಾರಿ ಗೊತ್ತಿರುತ್ತದೆ. ಮಾರುಕಟ್ಟೆ ವೇದಿಕೆಯನ್ನು ಬಿಟ್ಟವನಿಗೆ ಅದೂ ಗೊತ್ತಿರುವುದಿಲ್ಲ.

ಆದುದರಿಂದ ನಾಲ್ಕು ವಸ್ತುಗಳು ವರ್ತಕನ ವಶದಲ್ಲಿಯೇ ಇರತಕ್ಕದ್ದು. ಮೊದಲನೆಯದು, ಜಾಲತಾಣದ ವಿಳಾಸ. ಇದನ್ನು ನಿರ್ಮಿಸಿಕೊಡುವ ತಂತ್ರಜ್ಞನ ಹೆಸರಿನಲ್ಲಿ ನೋಂದಾಯಿಸಲು ಬಿಡದೆ, ವರ್ತಕನ ಸ್ವಂತ ಹೆಸರಿನಲ್ಲಿ, ಅವನದೇ ಇ-ಮೇಲ್ ಮತ್ತು ದೂರವಾಣಿ ಸಂಖ್ಯೆಗಳನ್ನು ನೀಡಿ ನೋಂದಾಯಿಸಬೇಕು. ಎರಡನೆಯದು, ಸರಕಿನ ಹೆಸರು ಮತ್ತು ಚಿಹ್ನೆ. ಇವುಗಳಿಗೆ ಟ್ರೇಡ್‌ಮಾರ್ಕ್ ಪಡೆಯುವುದು ಹಿತ. ಮೂರನೆಯದು, ಸರಕುಗಳ ಚಿತ್ರ, ವಿವರಣೆ ಮತ್ತು ಬೆಲೆಗಳ ಪಟ್ಟಿಯ ಪ್ರತಿ. ನಾಲ್ಕನೆಯದು, ಸ್ವಂತ ಅಂಗಡಿಯಲ್ಲಿ ಕೊಂಡ ಗ್ರಾಹಕರು ಸಮ್ಮತಿಸಿ ಕೊಟ್ಟ ವಿಳಾಸಗಳು. ಬಾಡಿಗೆಯ ವ್ಯವಸ್ಥೆಯಾದರೆ ಈ ಮಾಹಿತಿಯನ್ನೆಲ್ಲ ಒಂದೇ ಕಡತವಾಗಿ ಹೊರಗೆ ತೆಗೆದುಕೊಳ್ಳುವ ಸೌಲಭ್ಯವಿದೆಯೇ ಎಂಬುದನ್ನು ಮೊದಲ ದಿನವೇ ಪರೀಕ್ಷಿಸಿ ನೋಡಬೇಕು. ಗ್ರಾಹಕರ ವಿಳಾಸವು ವರ್ತಕನ ಬಳಿ ಇರಿಸಿದ ನಂಬಿಕೆಯ ವಸ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅದರ ಬಳಕೆಗೆ ಮಿತಿಗಳನ್ನು ವಿಧಿಸುತ್ತದೆ. ಗ್ರಾಹಕರ ಕಾರ್ಡಿನ ಸಂಖ್ಯೆಯನ್ನಂತೂ ವರ್ತಕನು ಸಂಗ್ರಹಿಸಿಡುವಂತಿಲ್ಲ. 2022ರ ಅಕ್ಟೋಬರ್ 1ರಿಂದ ಭಾರತೀಯ ರಿಸರ್ವ್ ಬ್ಯಾಂಕು ಇದಕ್ಕೆ ಅವಕಾಶ ನೀಡಿಲ್ಲ.

ಕಾನೂನಿನ ಕೆಲವು ಅಂಶಗಳು

ಪರರಾಜ್ಯಗಳಲ್ಲಿರುವ ಕನ್ನಡಿಗ ವರ್ತಕರು ಗಮನಿಸಬೇಕಾದ ಒಂದು ಮುಖ್ಯ ಸಂಗತಿ ಇದೆ. 2023ರ ಅಕ್ಟೋಬರ್ 1ರಿಂದ, ನಿಗದಿತ ವಹಿವಾಟಿನ ಮಿತಿಯೊಳಗಿರುವ ಸಣ್ಣ ವರ್ತಕರು ಜಿ.ಎಸ್.ಟಿ. ನೋಂದಣಿ ಇಲ್ಲದೆಯೇ, ಕೇವಲ ದಾಖಲಾತಿ ಸಂಖ್ಯೆಯನ್ನು ಪಡೆದು, ವೇದಿಕೆಗಳ ಮೂಲಕ ತಮ್ಮ ರಾಜ್ಯದೊಳಗೆ ಸರಕನ್ನು ಮಾರಬಹುದಾಗಿದೆ. ಆದರೆ ರಾಜ್ಯದ ಗಡಿಯನ್ನು ದಾಟಿ ಸರಕನ್ನು ಮಾರಲು ಸಾಮಾನ್ಯವಾಗಿ ನೋಂದಣಿ ಅಗತ್ಯ. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಉಂಟು. ಪುಣೆಯ ಕುಟುಂಬವು ಮುಂಬಯಿಯ ಕನ್ನಡಿಗರಿಗೆ ಮಾರುವುದು ಒಂದು ನಿಯಮಕ್ಕೆ ಒಳಪಟ್ಟರೆ, ಬೆಂಗಳೂರಿನ ಬಂಧುಗಳ ನೆರೆಮನೆಗೆ ಮಾರುವುದು ಇನ್ನೊಂದು ನಿಯಮಕ್ಕೆ ಒಳಪಡುತ್ತದೆ. ತನ್ನ ಗ್ರಾಹಕರು ಎಲ್ಲಿದ್ದಾರೆಂಬುದನ್ನು ಅರಿತೇ ವರ್ತಕನು ವೇದಿಕೆಯನ್ನು ಆರಿಸಬೇಕು.

ನೋಂದಾಯಿತ ವರ್ತಕನಿಗೆ ಹಣವನ್ನು ಸಂದಾಯ ಮಾಡುವಾಗ ವೇದಿಕೆಯು ತೆರಿಗೆಯ ಅಲ್ಪಾಂಶವನ್ನು ಹಿಡಿದುಕೊಳ್ಳುತ್ತದೆ. ಜಿ.ಎಸ್.ಟಿ.ಯಲ್ಲಿ ಶೇ. 1ರಷ್ಟಿದ್ದ ಈ ದರವನ್ನು 2024ರ ಜುಲೈ 10ರಿಂದ ಶೇ. 0.5ಕ್ಕೂ, ಆದಾಯ ತೆರಿಗೆಯಲ್ಲಿ ಶೇ. 1ರಷ್ಟಿದ್ದುದನ್ನು ಅದೇ ವರ್ಷದ ಅಕ್ಟೋಬರ್ 1ರಿಂದ ಶೇ. 0.1ಕ್ಕೂ ಇಳಿಸಲಾಯಿತು. ಇದು ವೆಚ್ಚವಲ್ಲ, ವರ್ತಕನ ಖಾತೆಗೆ ಜಮೆಯಾಗಬೇಕಾದ ಹಣ. ವೇದಿಕೆಯು ಕೊಡುವ ಲೆಕ್ಕಪತ್ರವನ್ನು ಪ್ರತಿ ತಿಂಗಳೂ ತಾಳೆ ನೋಡದವರು ಈ ಹಣವನ್ನು ಕಳೆದುಕೊಳ್ಳುವ ಸಂಭವವುಂಟು.

ಸ್ವಂತ ಅಂಗಡಿಯನ್ನು ತೆರೆದವನ ಮೇಲೆ ಗ್ರಾಹಕರ ಹೊಣೆಯೂ ಬೀಳುತ್ತದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಜಾಲತಾಣದಲ್ಲಿ ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರ ಇವುಗಳನ್ನು ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಅದನ್ನು ಸ್ವೀಕರಿಸಿದುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 2018ರ ಜನವರಿ 1ರಿಂದ ಪೊಟ್ಟಣದ ಸರಕುಗಳ ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ, ತಯಾರಕರ ವಿವರ ಮೊದಲಾದವುಗಳನ್ನು ಆನ್‌ಲೈನ್ ಪುಟದಲ್ಲಿಯೂ ತೋರಿಸುವುದು ಕಡ್ಡಾಯವಾಯಿತು. ಆಹಾರ ಪದಾರ್ಥಗಳನ್ನು ಮಾರುವವರು, ಮನೆಯಲ್ಲಿ ತಯಾರಿಸಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನಾಗಲಿ ಪರವಾನಗಿಯನ್ನಾಗಲಿ ಪಡೆದಿರಬೇಕು.

ಹೆಜ್ಜೆಯ ಕ್ರಮ

ಅಲ್ಪ ಬಂಡವಾಳದ ವರ್ತಕನಿಗೆ ಮೂರು ಬಗೆಗಳಲ್ಲಿ ಒಂದನ್ನೇ ಆರಿಸಬೇಕೆಂಬ ನಿರ್ಬಂಧವಿಲ್ಲ. ಕ್ರಮವನ್ನು ಆರಿಸುವುದೇ ಮುಖ್ಯ. ಮೊದಲು ಪರಿಚಿತರ ವಲಯದಲ್ಲಿ, ಕನ್ನಡ ಸಂಘಗಳ ಸಮಾರಂಭಗಳಲ್ಲಿ, ದೂರವಾಣಿಯ ಸಂದೇಶಗಳ ಮೂಲಕ ಸರಕನ್ನು ಮಾರಿ, ಜನರು ಎರಡನೆಯ ಸಲ ಕೇಳುತ್ತಾರೆಯೇ ಎಂಬುದನ್ನು ನೋಡಬೇಕು. ಅನಂತರ ಒಂದು ಮಾರುಕಟ್ಟೆಯಲ್ಲಾಗಲಿ ಮುಕ್ತ ಜಾಲದಲ್ಲಾಗಲಿ ಒಂದೆರಡು ಸರಕುಗಳನ್ನು ಮಾತ್ರ ಇರಿಸಿ, ಮೂರು ತಿಂಗಳ ಕಾಲ ಪ್ರತಿ ಪೊಟ್ಟಣದ ಉಳಿಕೆಯನ್ನೂ ಹಿಂದಿರುಗಿದ ಸರಕಿನ ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಮತ್ತೆ ಕೊಳ್ಳುವವರ ಸಂಖ್ಯೆ ಜಾಲತಾಣದ ತಿಂಗಳ ವೆಚ್ಚವನ್ನು ಭರಿಸುವಷ್ಟಾದಾಗ ಸ್ವಂತ ಅಂಗಡಿಯನ್ನು ತೆರೆಯುವುದು ಯುಕ್ತ. ಆಗಲೂ ಮಾರುಕಟ್ಟೆಯನ್ನು ಪೂರ್ಣವಾಗಿ ಬಿಡಬೇಕಾಗಿಲ್ಲ. ನಗದು ಪಾವತಿಯ ಬೇಡಿಕೆಗಳಿಗೆ ಮಿತಿಯನ್ನು ಹಾಕಿಕೊಂಡರೆ ಹಿಂದಿರುಗುವ ಸರಕಿನ ಹೊರೆ ತಗ್ಗುತ್ತದೆ. ಸ್ವಂತ ಅಂಗಡಿಯಲ್ಲಿ ಸರಕಿನ ವಿವರಣೆಯನ್ನು ಕನ್ನಡದಲ್ಲಿಯೂ ಬರೆದರೆ, ಪರಸ್ಥಳದಲ್ಲಿ ತಮ್ಮ ಊರಿನ ರುಚಿಯನ್ನು ಅರಸುವ ಹಿರಿಯರಿಗೆ ಅದು ನಂಬಿಕೆಯನ್ನು ಹುಟ್ಟಿಸುತ್ತದೆ.

ವೇದಿಕೆಯ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಅಂಗಡಿಯು ಬೆಳೆಯುವುದಿಲ್ಲ. ಶುಲ್ಕವಿಲ್ಲವೆಂಬ ಮಾತ್ರಕ್ಕೆ ಅದು ಅಗ್ಗವೂ ಅಲ್ಲ. ಪ್ರವೇಶದ ಬಾಗಿಲು ಎಲ್ಲ ವೇದಿಕೆಗಳಲ್ಲಿಯೂ ವಿಶಾಲವಾಗಿಯೇ ಇರುತ್ತದೆ. ಹೊರಬರುವ ಬಾಗಿಲು ಎಲ್ಲಿದೆ, ಅದರ ಮೂಲಕ ಏನನ್ನು ಹೊತ್ತು ತರಬಹುದು ಎಂಬುದನ್ನು ಮೊದಲೇ ನೋಡಿಕೊಂಡು ಒಳಹೋದ ವರ್ತಕನು ತನ್ನ ಬಂಡವಾಳವನ್ನೂ ಗ್ರಾಹಕರ ವಿಶ್ವಾಸವನ್ನೂ ಉಳಿಸಿಕೊಳ್ಳುತ್ತಾನೆ.